ಸೂಲಗಿತ್ತಿಯ ಕೊಳವೆ

ಕುತೈಸಿಯಲ್ಲಿ, ರಿಯೋನಿ ನದಿಯ ಸೇತುವೆ ದಾಟಿ
ರೈಲುಹಳಿಯ ಬದಿಗೆ ಒತಿಯಾನ ಗ್ಯಾರೇಜು.
ಎರಡು ಗುಂಡಿ, ಒಂದು ಒಲೆ, ಸ್ಪ್ರಿಂಗು ಕಿತ್ತ ಸೋಫಾ, ನಾನು.
ಟಾರ್ಚು ಹಿಡಿಯುವುದು ನನ್ನ ಕೆಲಸ.
ಬೆಳಕು ಒಂದಿಂಚು ಅಲುಗಿದರೂ ಬೈಗುಳ.

ಮುಂಜಾನೆ ಮೊದಲು ಬಂದವನು ಗೋಚಾ, ಟ್ಯಾಕ್ಸಿಯವನು.
ಅವನಿಗಿಂತ ಮುಂಚೆ ಅವನ ಸದ್ದು ಬಂತು:
ಡಬ್ಬಿಯೊಳಗೆ ಮೊಳೆ ಕುಲುಕಿದ ಹಾಗೆ
ಎರಡು ಬೀದಿಯಾಚೆಯಿಂದಲೇ ಟೈಮಿಂಗ್ ಚೈನು.
"ಎಷ್ಟು ದಿನದಿಂದ?"
"ಮೂರು ಚಳಿಗಾಲ."
"ಮೂರು ಚಳಿಗಾಲ ಬಾಯಿ ಬಡಿದುಕೊಂಡಿದೆ.
ನೀನೇನು ಮಾಡಿದೆ?"
ಗೋಚಾ ಹಿಂದಿನ ಸೀಟು ತೋರಿಸಿದ.
ಹೊಸ ಸ್ಪೀಕರುಗಳು, ಒಂದೊಂದೂ ತಟ್ಟೆಯಗಲ.

ಚೈನಿನ ಜಾಯಮಾನ ಅದು.
ಎಣ್ಣೆಯಲ್ಲಿ ಮುಳುಗಿ ಮಿಂದು
ಇಂಜಿನ್ ಇರುವವರೆಗೂ ನಾನಿರುತ್ತೇನೆ ಅನ್ನುತ್ತದೆ;
ಎಣ್ಣೆ ಕರಿಕೆಸರಾದರೆ ಕೊಂಡಿ ಕೊಂಡಿಯೂ ಸವೆದು
ಜೋಲುತ್ತದೆ. ಜೋಲುವಾಗ ಮಾತ್ರ
ಊರಿಗೆಲ್ಲ ಡಂಗುರ.

ಆಮೇಲೆ ಬಂದವಳು ಸೂಲಗಿತ್ತಿ ಲಮಾರಾ.
ಜರ್ಮನಿಯಲ್ಲಿ ಯಾರೋ ಓಡಿಸಿ ಮಾರಿದ ಓಪೆಲ್.
"ಎಣ್ಣೆ ನೋಡಿಬಿಡು ಸಾಕು. ಓನಿಗೆ ಹೋಗಬೇಕು,
ಗುಡ್ಡದ ಮೇಲೆ ಇಬ್ಬರು ದಿನ ತುಂಬಿದವರಿದ್ದಾರೆ.
ಮೀಟರಿನಲ್ಲಿ ಬರೇ ತೊಂಬತ್ತೆರಡು ಸಾವಿರ,
ಕಾರು ಕಮಕ್ ಕಿಮಕ್ ಅನ್ನುವುದಿಲ್ಲ."

ಅಷ್ಟು ಕೇಳಿದ್ದೇ ಒತಿಯಾ
ಪಕ್ಕದ ಪ್ಲಾಸ್ಟಿಕ್ ಮುಚ್ಚಳ ಬಿಚ್ಚಿದ.
ಮುಚ್ಚಳದ ಒಳಗೆ ಹಳದಿ ಚೀಟಿ, ನೀಲಿ ಶಾಯಿ,
ಯಾರೋ ಶಿಸ್ತಿನವನ ಸಣ್ಣ ಅಕ್ಷರ:
ಬೆಲ್ಟು ಬದಲಿಸಿದ್ದು ಒಂದು ಲಕ್ಷ ನಲವತ್ತೆಂಟು ಸಾವಿರಕ್ಕೆ.
ತಾರೀಖು, ಹದಿನಾಲ್ಕು ವರ್ಷ ಹಿಂದಿನದು.

"ಅಕ್ಕಾ, ನಿನ್ನ ಕಾರು ಹಿಂದಕ್ಕೂ ಓಡಿದೆ,
ಐವತ್ತಾರು ಸಾವಿರ ಕಿಲೋಮೀಟರು."

ಲಮಾರಾ ನಗಲಿಲ್ಲ. ಚೀಲದಿಂದ ತೆಗೆದಳು
ಬಸಿರಿಯ ಹೊಟ್ಟೆಗೆ ಇಟ್ಟು ಕೇಳುವ ಮರದ ಕೊಳವೆ.
ಅಂಚನ್ನು ಸೆರಗಂಚಿನಷ್ಟು ಶುದ್ಧ ಬಟ್ಟೆಯಲ್ಲಿ ಒರೆಸಿ
ಮೊದಲು ಗೋಚಾನ ಇಂಜಿನ್ನಿಗೆ ಇಟ್ಟಳು, ಬಗ್ಗಿದಳು:
"ಇದು ನರಳುತ್ತಿದೆ."
ಆಮೇಲೆ ತನ್ನದಕ್ಕೆ.
ತುಂಬ ಹೊತ್ತು.
ಒತಿಯಾ ಬೀಡಿ ಹಚ್ಚಲು ಮರೆತ. ನಾನು ಟಾರ್ಚು ಆರಿಸಿದೆ.
"ಏನೂ ಇಲ್ಲ. ಬೆಚ್ಚಗೆ ತಿರುಗುತ್ತಿದೆ."

ಇಂಜಿನ್ ನಿಲ್ಲಿಸಿ ಒತಿಯಾ ಎರಡು ಬೆರಳಲ್ಲಿ
ಬೆಲ್ಟನ್ನು ಮೆಲ್ಲಗೆ ಮಗುಚಿದ. ಟಾರ್ಚು!
ಬೆನ್ನಿನ ಮೇಲೆ ನೂರು ಬಿರುಕು,
ಹಲ್ಲಿನ ಸಂದಿಯಲ್ಲಿ ನೂಲು ಇಣುಕುತ್ತಿತ್ತು.
"ಬಾಯಿ ಸತ್ತದ್ದು ಇದು. ರಬ್ಬರು.
ಕೆಳಗೆ ಪಿಸ್ಟನ್, ಮೇಲೆ ವಾಲ್ವು. ಇಬ್ಬರಿಗೂ ಒಂದೇ ಕೋಣೆ:
ಇವನು ಹೊರಟ ಮೇಲೆ ಅವನು ಬರಬೇಕು.
ಸರದಿ ಕಾಯುವುದು ಈ ಪಟ್ಟಿ.
ಇದು ಹರಿದರೆ ಅರೆಕ್ಷಣದಲ್ಲಿ ಇಬ್ಬರೂ ಮುಖಾಮುಖಿ."

ಲಮಾರಾ ಕೊಳವೆ ಒಳಗಿಟ್ಟಳು.
"ಅರಚುವ ಬಾಣಂತಿಗೆ ನಾನೂ ಹೆದರುವುದಿಲ್ಲ ಒತಿಯಾ.
ಸದ್ದಿಲ್ಲದವರಿಗೆ ಕಿವಿ ಸಾಲದು,
ವಾರ ಎಣಿಸುತ್ತೇನೆ. ಹಾಕು ಹೊಸದು."
"ನೀರಿನ ಪಂಪೂ ಸೇರಿಸಿ."
"ದುಡ್ಡು ಅರ್ಧ ಈಗ. ಉಳಿದದ್ದಕ್ಕೆ ಗಿಣ್ಣು."
"ಉಪ್ಪಿನದೋ?"
"ಉಪ್ಪಿನದೇ."

ಸಂಜೆ ಒತಿಯಾ ನನ್ನ ಕೈಗೆ ಪೆನ್ನು ಕೊಟ್ಟ.
ಹಳೆ ಚೀಟಿ ಕೀಳಲಿಲ್ಲ; ಅದರ ಕೆಳಗೇ ತಾರೀಖು ಬರೆದೆ.
ಕಿಲೋಮೀಟರು?
ಅವನು ಮೀಟರಿನ ಕಡೆ ನೋಡಿದ, ನನ್ನ ಕಡೆ ನೋಡಿದ.
ಆ ಜಾಗ ಖಾಲಿ ಬಿಟ್ಟೆ.

ಗೋಚಾ ಸೋಮವಾರ ಬರುತ್ತೇನೆ ಅಂದಿದ್ದ.
ಹಾಡು ಜೋರು ಮಾಡಿ ಹೊರಟವನ ಚೈನು
ಸೇತುವೆಯ ತನಕ ಕೇಳುತ್ತಲೇ ಇತ್ತು,
ಹಾಡು ಅಷ್ಟು ದೂರ ಕೇಳಲಿಲ್ಲ.